ಡೆನ್ಮಾರ್ಕಿನ ಮಕ್ಕಳು ಕೇಳಿದ ಎತ್ತಿನ ಇಣಿ

ಹೊರಡುವ ಮೊದಲು, ರೋಣ

ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನಾನು ಯಾವಾಗಲೂ ವಿರೋಧದ ಕಡೆಯವಳು. ಪರವಾಗಿ ಮಾತಾಡಬೇಕಾದರೆ ವಿಷಯ ಗೊತ್ತಿರಬೇಕು. ವಿರೋಧಿಸಲು ಎದುರಿನವರ ಮಾತಿನಲ್ಲಿ ಒಂದು ತೂತು ಸಿಕ್ಕರೆ ಸಾಕು. ಈ ಸುಲಭದ ದಾರಿಯಲ್ಲಿ ಮೂರು ಢಾಲು ಗೆದ್ದು, ಆಮೇಲೆ ಪ್ರಾಥಮಿಕ ಶಾಲೆಯ ಶಿಕ್ಷಕಿಯಾದೆ. ರೋಣದಿಂದ ಗಜೇಂದ್ರಗಡದ ಕಡೆ ಹೋಗುವ ಬಸ್ಸು ಇಳಿದು ಒಂದಿಷ್ಟು ನಡೆದರೆ ನಮ್ಮ ಶಾಲೆ. ಅಲ್ಲಿ ನನ್ನ ವಿರೋಧಕ್ಕೆ ಸಿಕ್ಕ ಮೊದಲ ವಿಷಯ ಬಾನುಬಿ ಅಕ್ಕೋರ ಕೊನೆಯ ತಾಸು.

ಬಾನುಬಿ ಅಕ್ಕೋರು ನನಗಿಂತ ಇಪ್ಪತ್ತೈದು ವರ್ಷ ಹಿರಿಯ ಶಿಕ್ಷಕಿ. ಗಜೇಂದ್ರಗಡದಲ್ಲಿ ಎತ್ತಿನ ಕಾಲಿಗೆ ನಾಲ ಬಡಿಯುತ್ತಿದ್ದವರ ಮಗಳು. ದಿನವೂ ಕೊನೆಯ ತಾಸಿಗೆ ಒಂದರಿಂದ ಮೂರನೆಯ ತರಗತಿಯ ಮಕ್ಕಳನ್ನು ಶಾಲೆಯ ಹಿಂದಿನ ಬಯಲಿಗೆ ಕರೆದುಕೊಂಡು ಹೋಗುತ್ತಾರೆ. ಇರುವೆ ನೋಡುವುದು, ಕಾಳು ನೆನೆಹಾಕುವುದು, ಮಣ್ಣು ನಾದುವುದು, ಯಾವ ಎಲೆ ತೇಲುತ್ತದೆ ಯಾವುದು ಮುಳುಗುತ್ತದೆ ಎಂದು ಬಕೀಟಿನ ಸುತ್ತ ಗದ್ದಲ ಮಾಡುವುದು. ಇದಕ್ಕೆ ವೇಳಾಪಟ್ಟಿಯಲ್ಲಿ ವಿಜ್ಞಾನ ಎಂದು ಹೆಸರು.

ನನ್ನ ವಾದ ಸರಳವಾಗಿತ್ತು. ನಮ್ಮ ಮಕ್ಕಳು ಶಾಲೆಯ ಹೊರಗೆ ಇರುವುದೇ ಮಣ್ಣಿನಲ್ಲಿ. ಶಾಲೆಯೊಳಗೂ ಅದೇ ಮಣ್ಣನ್ನು ಕೊಟ್ಟು ಪ್ರಯೋಗ ಎಂದರೆ ಅದು ಆಟಕ್ಕೆ ಹಾಕಿದ ಕೋಟು. ಮೂರನೆಯ ತರಗತಿಯಲ್ಲಿ ಎಂಟು ಮಕ್ಕಳಿಗೆ ಒತ್ತಕ್ಷರ ಓದಲು ಬರುವುದಿಲ್ಲ. ಆ ತಾಸು ನನಗೆ ಕೊಡಿ, ಓದಿಸುತ್ತೇನೆ.

ಹೆಡ್‌ಮಾಸ್ತರರಿಗೆ ಈ ವಾದ ಹಿಡಿಸಿತ್ತು. ಅಷ್ಟರಲ್ಲಿ, ಬಾನುಬಿ ಅಕ್ಕೋರ ತಾಸಿನ ನಾಲ್ಕು ಫೋಟೋ ಅಂತರ್ಜಾಲದಲ್ಲಿ ನೋಡಿದ ಡೆನ್ಮಾರ್ಕಿನ ಒಂದು ಸಣ್ಣ ಶಾಲೆಯವರು, ಚಿಕ್ಕ ಮಕ್ಕಳಿಗೆ ಕೈಯಿಂದ ಮಾಡಿಸುವ ವಿಜ್ಞಾನ ತಾವು ಹೇಗೆ ಕಲಿಸುತ್ತೇವೆಂದು ನೋಡಲು ಇಬ್ಬರು ಶಿಕ್ಷಕರನ್ನು ಕರೆದರು. ಹೆಡ್‌ಮಾಸ್ತರರು ನಮ್ಮಿಬ್ಬರನ್ನೂ ಕೂರಿಸಿಕೊಂಡು ನನ್ನ ಕಡೆ ತಿರುಗಿದರು.

“ಇಬ್ಬರೂ ಹೋಗಿ ಬರ್ರಿ. ಬಂದ ಮ್ಯಾಲೆ ನೀವ ಹೇಳ್ರಿ, ಆ ತಾಸು ಇರಬೇಕೋ ಬ್ಯಾಡೋ. ನೀವು ಹೇಳಿದಂಗ ಮಾಡತೀನಿ.”

ಬಾನುಬಿ ಅಕ್ಕೋರ ಹದಿನಾರು ವರ್ಷದ ತಾಸು ಹೀಗೆ ನನ್ನ ನಾಲಿಗೆಯ ಮೇಲೆ ಬಂದು ಕೂತಿತು. ಅವರು ಮಾತ್ರ ಸೆರಗು ಸರಿಮಾಡಿಕೊಂಡು ಹೇಳಿದರು: “ನ್ಯಾಯಾಧೀಶರನ್ನ ಬಾಜೂಕ ಕುಂದ್ರಿಸ್ಕೊಂಡು ಹೋಗೂದು ಚಲೋ ಆತ ಬಿಡ್ರಿ ಸರ್. ಕಿಡಕಿ ಸೀಟ ನನಗ ಬಿಟ್ಟುಕೊಟ್ರ ಸಾಕು.”

ಕೋಪನ್‌ಹೇಗನ್, ಎರಡು ಕಿಲೋ ಮಣ್ಣು

ಕಿಡಕಿ ಸೀಟು ಅವರಿಗೇ ಸಿಕ್ಕಿತು. ನನಗೆ ಸಿಕ್ಕಿದ್ದು ಇಳಿದ ವಿಮಾನ ನಿಲ್ದಾಣದ ತನಿಖೆಯ ಅಧಿಕಾರಿ.

ನಾವು ಹೋದ ವಾರವೇ ಊರಲ್ಲಿ ಮಣ್ಣೆತ್ತಿನ ಅಮಾವಾಸ್ಯೆ. ಅಲ್ಲಿನ ಮಕ್ಕಳ ಕೈಯಲ್ಲೂ ಎತ್ತು ಮಾಡಿಸೋಣವೆಂದು ಅಕ್ಕೋರು ಹೊಲದ ಎರೆಮಣ್ಣನ್ನು ಒಣಗಿಸಿ, ಕುಟ್ಟಿ, ಸಾಣಿಗೆಯಲ್ಲಿ ಹಿಡಿದು, ಡಬ್ಬಿಯಲ್ಲಿ ತುಂಬಿ ತಂದಿದ್ದರು. ಅಧಿಕಾರಿ ಮುಚ್ಚಳ ತೆಗೆದ. ಕಪ್ಪು ಪುಡಿ. ಇದೇನು ಎಂದ.

ಏನೋ ಒಂದು ಮಸಾಲೆ ಎಂದುಬಿಟ್ಟಿದ್ದರೆ ಮುಗಿಯುತ್ತಿತ್ತೋ ಏನೋ. ಅಕ್ಕೋರು ಇಂಗ್ಲಿಷಿನಲ್ಲಿ ತಮಗೆ ಚೆನ್ನಾಗಿ ಬರುವ ಶಬ್ದಗಳಲ್ಲಿ ಒಂದನ್ನು ಹೆಮ್ಮೆಯಿಂದ ಹೇಳಿದರು: ಸಾಯಿಲ್.

ಆಗ ನಾನು ವಾದಕ್ಕೆ ನಿಂತೆ. ತರಬಾರದ ಸಾಮಾನೆಂದು ಗೋಡೆಯ ಮೇಲೆ ಹಾಕಿದ ಚಿತ್ರಗಳಲ್ಲಿ ಹಣ್ಣಿದೆ, ಮಾಂಸವಿದೆ, ಗಿಡವಿದೆ. ಮಣ್ಣಿನ ಚಿತ್ರ ಎಲ್ಲಿದೆ ತೋರಿಸಿ. ಮಣ್ಣು ಸಸ್ಯವಲ್ಲ, ಪ್ರಾಣಿಯಲ್ಲ, ಆಹಾರವಂತೂ ಅಲ್ಲವೇ ಅಲ್ಲ. ಆತ ಸಿಟ್ಟಾಗಲಿಲ್ಲ, ನಡುವೆ ಬಾಯಿ ಹಾಕಲಿಲ್ಲ. ನಾನು ಮುಗಿಸುವವರೆಗೆ ಕಾಯ್ದು, ಒಂದು ಚಮಚ ಮಣ್ಣಿನಲ್ಲಿ ಲೆಕ್ಕಕ್ಕೆ ಸಿಗದಷ್ಟು ಜೀವಗಳಿರುತ್ತವೆ, ಅವುಗಳಲ್ಲಿ ಒಂದಕ್ಕೂ ವೀಸಾ ಇಲ್ಲ ಎಂದ. ಡಬ್ಬಿ ಹೋಯಿತು.

“ಇಂಥಾ ಮನಷ್ಯಾ ನಮ್ಮ ಸಾಲ್ಯಾಗ ಇರಬೇಕಿತ್ತು ನೋಡ,” ಎಂದರು ಅಕ್ಕೋರು ಹೊರಗೆ ಬರುತ್ತ. “ಮಣ್ಣಾಗ ಜೀವ ಅದಾವಂತ ನಾ ಇಷ್ಟ ವರ್ಷ ಹೇಳಿದ್ರೂ ನೀ ಕೇಳಿಲ್ಲ. ಅಂವಾ ಒಂದ ಮಾತ ಹೇಳಿದ, ತಗೋ ಅಂತ ಡಬ್ಬಿ ಕೊಟ್ಟ ಬಂದಿ.”

“ಕೊಟ್ಟಿಲ್ರಿ ಅಕ್ಕೋರ. ಕಸಗೊಂಡ.”

“ಅದ. ವಾದದಾಗ ಸೋತೋರು ಹಿಂಗ ಅಂತಾರ.”

ಗುರೆಳ್ಳು ಚಟ್ನಿಪುಡಿಯನ್ನು ಮಾತ್ರ ಆತ ಮೂಸಿ ನೋಡಿ, ಎರಡು ಸಲ ಸೀನಿ, ಕೈಮುಗಿಯುವಷ್ಟು ಗೌರವದಿಂದ ವಾಪಸು ಕೊಟ್ಟಿದ್ದ.

ರೈಲಿನಲ್ಲಿ, ಗುಡ್ಡ ಹುಡುಕುತ್ತ

ಇಷ್ಟು ದೂರ ಬಂದು ಮೊದಲು ಕಂಡದ್ದು ಗಾಳಿಯಂತ್ರ. ರೈಲು ಹೊರಟ ಸ್ವಲ್ಪ ಹೊತ್ತಿಗೆ ಸಾಲಾಗಿ ನಿಂತು ತಿರುಗುತ್ತಿದ್ದವು. “ಇವು ನಮ್ಮ ಗಡದ ಗುಡ್ಡದ ಮ್ಯಾಲಿನ ಫ್ಯಾನಲ್ಲೇನ?” ಎಂದು ಅಕ್ಕೋರು ನಿರಾಶೆಯಿಂದ ಕೇಳಿದರು. ಗುಡ್ಡವೊಂದಿರಲಿಲ್ಲ ಅಷ್ಟೇ. ಈ ದೇಶದವರು ಗುಡ್ಡಕ್ಕೆ ಎಷ್ಟು ಹಸಿದಿದ್ದಾರೆಂದರೆ, ದಾರಿಯಲ್ಲಿ ಒಂದು ದಿಬ್ಬಕ್ಕೆ ‘ಆಕಾಶ ಪರ್ವತ’ ಎಂದು ಹೆಸರಿಟ್ಟಿದ್ದಾರೆ ಎಂದು ಪಕ್ಕದ ಸೀಟಿನ ಮುದುಕರು ಅಭಿಮಾನದಿಂದ ಹೇಳಿದರು. ನಾನು ನರಗುಂದದ ಗುಡ್ಡದ ಫೋಟೋ ತೋರಿಸಿದೆ. ಅವರು ಬಹಳ ಹೊತ್ತು ನೋಡಿ, ನೀವು ಇದಕ್ಕೆ ಏನೆನ್ನುತ್ತೀರಿ ಎಂದರು. ಗುಡ್ಡ ಎನ್ನುತ್ತೇವೆ ಎಂದೆ. ಅವರಿಗೆ ಬೇಸರವಾಯಿತು.

ಊರು ಮುಟ್ಟಿದ ಮೇಲೆ ಒಂದು ಕಾಫಿ ಅಂಗಡಿ. ಬಾಗಿಲ ಹೊರಗೆ ಬಂಡಿಯಲ್ಲಿ ಒಂದು ಕೂಸು ಮಲಗಿದೆ, ಹತ್ತಿರ ಯಾರೂ ಇಲ್ಲ. ಕೂಸಿನ ತಾಯಿ ಒಳಗೆ ನೆಮ್ಮದಿಯಿಂದ ಕಾಫಿ ಕುಡಿಯುತ್ತಿದ್ದಾಳೆ. ಇಲ್ಲಿ ಇದೇ ರೂಢಿಯಂತೆ, ತಣ್ಣನೆಯ ಗಾಳಿಯಲ್ಲಿ ಕೂಸು ಚೆನ್ನಾಗಿ ನಿದ್ದೆ ಮಾಡುತ್ತದಂತೆ. ನಾನು ಇದನ್ನು ವಿಚಾರಿಸಿಕೊಂಡು ಹೊರಗೆ ಬರುವಷ್ಟರಲ್ಲಿ ಅಕ್ಕೋರು ಬಂಡಿಯ ಪಕ್ಕ ಕಾವಲು ನಿಂತಿದ್ದರು, ಸೊಂಟಕ್ಕೆ ಕೈ ಕೊಟ್ಟು. “ಯಾರರೆ ಎತ್ತಿಕೊಂಡ ಹೋದ್ರ?” ಆ ತಾಯಿ ಕಿಟಕಿಯಿಂದ ನೋಡಿದಳು, ಅಪರಿಚಿತ ಹೆಂಗಸೊಬ್ಬಳು ತನ್ನ ಕೂಸಿನ ಮೇಲೆ ಬಗ್ಗಿರುವುದು ಕಂಡಿತು, ಕಾಫಿ ಅಲ್ಲೇ ಬಿಟ್ಟು ಓಡಿಬಂದಳು. ಇಡೀ ಬೀದಿಯಲ್ಲಿ ಆ ಕೂಸಿಗೆ ಅಪಾಯದಂತೆ ಕಂಡವರು ಅಕ್ಕೋರೊಬ್ಬರೇ.

ಗುರುವಾರ, ಕಾಡಿನಲ್ಲಿ

ಆ ಶಾಲೆಯ ಚಿಕ್ಕ ಮಕ್ಕಳು ವಾರಕ್ಕೊಂದು ದಿನ ಶಾಲೆಗೆ ಬರುವುದಿಲ್ಲ, ಕಾಡಿಗೆ ಹೋಗುತ್ತಾರೆ. ಮಳೆ ಬಂದರೂ ಹೋಗುತ್ತಾರೆ. ನಾವು ಹೋದ ದಿನ ಮಳೆ ಬಂತು. ಹದಿನೆಂಟು ಮಕ್ಕಳು ಕಾಲಿನಿಂದ ತಲೆಯವರೆಗೆ ರಬ್ಬರು ಉಡುಪು ಹಾಕಿಕೊಂಡು ಕೆಸರಲ್ಲಿ ಎಮ್ಮೆಗಳಂತೆ ಸುಖವಾಗಿ ಕೂತಿದ್ದರು. ನನಗೆ ಯಾರದೋ ಬೂಟು ಕೊಟ್ಟಿದ್ದರು. ನನ್ನ ಎರಡೂ ಕಾಲು ಒಂದೇ ಬೂಟಿನಲ್ಲಿ ಹಿಡಿಸುತ್ತಿದ್ದವು.

ಅವರಿಗೆ ಇಬ್ಬರು ಶಿಕ್ಷಕರು. ನಮ್ಮ ಜೊತೆಗಿದ್ದವನ ಹೆಸರು ಯೆನ್ಸ್. ಮಕ್ಕಳು ಆತನನ್ನು ಯೆನ್ಸ್ ಎಂದೇ ಕರೆಯುತ್ತಾರೆ. ಸರ್ ಇಲ್ಲ, ಬಹುವಚನವಿಲ್ಲ. ನಮ್ಮ ಶಾಲೆಯಲ್ಲಿ ಯಾರಾದರೂ “ಏ ಬಾನುಬಿ” ಎಂದರೆ ಏನಾಗಬಹುದೆಂದು ಯೋಚಿಸಿ ನಾನು ಅಕ್ಕೋರ ಮುಖ ನೋಡಿದೆ. ಅವರ ಲಕ್ಷ್ಯ ಅಲ್ಲಿರಲಿಲ್ಲ. ಏಳು ವರ್ಷದ ಮಕ್ಕಳ ಕೈಯಲ್ಲಿ ಚಾಕು ಇದ್ದವು.

ನಿಜವಾದ ಚಾಕು. ಕಡ್ಡಿ ಕೆತ್ತುತ್ತಿದ್ದರು. ನಿಯಮ ಎರಡೇ: ಚಾಕು ಬಿಚ್ಚಿದಾಗ ಕೂತಿರಬೇಕು, ಕೈ ಚಾಚಿದರೆ ಯಾರಿಗೂ ತಾಕಬಾರದು. ನಾನು ಯೆನ್ಸ್‌ನನ್ನು ಹಿಡಿದು ಕೇಳಿದೆ: ಇದರಲ್ಲಿ ವಿಜ್ಞಾನ ಎಲ್ಲಿದೆ? ಆತ ಕೆತ್ತಿದ ಕಡ್ಡಿಗಳನ್ನು ಬಕೀಟಿನ ನೀರಿಗೆ ಹಾಕಿಸಿದ. ಹಸಿ ಕಡ್ಡಿ, ಒಣ ಕಡ್ಡಿ, ತೊಗಟೆ ಸುಲಿದದ್ದು, ಸುಲಿಯದ್ದು. ಯಾವುದು ಮುಳುಗುತ್ತದೆ? ನನಗೆ ಮೈ ಉರಿಯಿತು. ಇಷ್ಟು ದೂರ ಬಂದು ನೋಡುತ್ತಿರುವುದು ಅದೇ ಬಕೀಟು, ಅದೇ ಗದ್ದಲ.

“ನೋಡ,” ಎಂದರು ಅಕ್ಕೋರು, “ನಮ್ಮ ಬಕೀಟ ಇಲ್ಲಿ ಮಟಾ ಬಂದೈತಿ.”

ಆದರೆ ಒಂದು ಪದ್ಧತಿ ಹೊಸದಿತ್ತು. ಆತ ಮೂರು ತಗಡಿನ ಡಬ್ಬಿ ಇಟ್ಟಿದ್ದ. ಒಂದರ ಮೇಲೆ ಕಣ್ಣಿನ ಚಿತ್ರ, ಒಂದರ ಮೇಲೆ ಕಿವಿ, ಮೂರನೆಯದರ ಮೇಲೆ ಮೋಡ. ಯಾರು ಏನೇ ಹೇಳಿದರೂ ಒಂದು ಸಣ್ಣ ಕಲ್ಲಿನ ಹರಳು ಹಾಕಬೇಕು. ನಾನೇ ನೋಡಿದ್ದು ಕಣ್ಣಿನ ಡಬ್ಬಿಗೆ, ಯಾರೋ ಹೇಳಿದ್ದು ಕಿವಿಯ ಡಬ್ಬಿಗೆ, ನನ್ನ ಅಂದಾಜು ಮೋಡಕ್ಕೆ. ಸುಳ್ಳು ಸರಿ ಎಂಬ ಡಬ್ಬಿ ಇಲ್ಲವೇ ಇಲ್ಲ. ಚರ್ಚಾಸ್ಪರ್ಧೆಯಲ್ಲಿ ಇಂಥ ಡಬ್ಬಿ ಇಟ್ಟರೆ ನನ್ನ ಮೂರೂ ಢಾಲು ಕಿವಿಯ ಡಬ್ಬಿಗೆ ಹೋಗುತ್ತಿದ್ದವು ಎಂದು ಅನ್ನಿಸಿತು.

ಮಧ್ಯಾಹ್ನ ಬೆಂಕಿ ಹಾಕಿ, ಹಿಟ್ಟಿನ ಹಗ್ಗ ಹೊಸೆದು ಕಡ್ಡಿಗೆ ಸುತ್ತಿ ಸುಟ್ಟರು. ಹೊರಗೆ ಕರಕು, ಒಳಗೆ ಹಸಿ. ಅಕ್ಕೋರು ಚಟ್ನಿಪುಡಿ ಉದುರಿಸಿಕೊಂಡು ತಿಂದರು. ಅದನ್ನು ನೋಡಿ ಒಬ್ಬ ಹುಡುಗ ತನಗೂ ಬೇಕೆಂದ, ತಿಂದ, ಆಮೇಲೆ ಹಳ್ಳದ ಕಡೆ ಓಡಿದ.

ಶುಕ್ರವಾರ, ಹಳ್ಳದ ದಂಡೆ

ಮರುದಿನ ಅಕ್ಕೋರ ಸರದಿ. ಎತ್ತು ಮಾಡಿಸಬೇಕು, ಮಣ್ಣಿಲ್ಲ. ನನಗೆ ಒಳಗೊಳಗೇ ಕುತೂಹಲ. ಇದು ಕೆಟ್ಟರೆ ನನ್ನ ತೀರ್ಪು ಬರೆಯುವುದು ಸುಲಭ.

ಅವರು ಮಕ್ಕಳನ್ನು ಹಳ್ಳದ ದಂಡೆಗೆ ಬಿಟ್ಟರು. ಯಾರಿಗೆ ಎಲ್ಲಿ ಬೇಕೋ ಅಲ್ಲಿಂದ ಒಂದು ಹಿಡಿ ಮಣ್ಣು ತರಬೇಕು. ತಂದ ಮಣ್ಣನ್ನು ನೀರು ಬೆರೆಸಿ, ಅಂಗೈಯಲ್ಲಿ ಹಾವಿನ ಹಾಗೆ ಹೊಸೆದು, ಬಳೆಯ ಹಾಗೆ ಬಗ್ಗಿಸಬೇಕು. ಬಿರಿದರೆ ಅದು ಎತ್ತಾಗುವ ಮಣ್ಣಲ್ಲ. ಇಷ್ಟನ್ನು ಅಪ್ಪಟ ಕನ್ನಡದಲ್ಲಿ, ಕೈಯಲ್ಲಿ ಮಾಡುತ್ತ ಹೇಳಿದರು. ನಾನು ಇಂಗ್ಲಿಷಿಗೆ, ಯೆನ್ಸ್ ಡೇನಿಷಿಗೆ ತರುವಷ್ಟರಲ್ಲಿ ಅರ್ಧ ಮಕ್ಕಳು ಹೊಸೆಯಲು ಶುರುಮಾಡಿದ್ದರು. ದಂಡೆಯ ಮೇಲಿನದೆಲ್ಲ ಮರಳು, ಬಿರಿಯಿತು. ಬೇರಿನ ಕೆಳಗೆ ಆಳಕ್ಕೆ ಕೈ ಹಾಕಿದ ಹುಡುಗಿಯೊಬ್ಬಳಿಗೆ ಮಾತ್ರ ನೀಲಿ ಬಣ್ಣದ ಜಿಗಟು ಮಣ್ಣು ಸಿಕ್ಕಿತು. ಬಳೆ ಬಿರಿಯಲಿಲ್ಲ. ಎಲ್ಲರೂ ಅಲ್ಲಿಗೇ ಮುಗಿಬಿದ್ದರು.

ಆ ಹುಡುಗಿಯ ಹೆಸರು ಈಡಾ. ಹೈನದ ಮನೆಯವಳು, ದಿನಾ ಬೆಳಗ್ಗೆ ಆಕಳ ಮೈ ತಿಕ್ಕಿ ಶಾಲೆಗೆ ಬರುವವಳು. ಅಕ್ಕೋರ ಎತ್ತಿನ ಹೆಗಲ ಮೇಲೆ ಇಣಿಯ ಉಬ್ಬು ಬಂದ ಕೂಡಲೇ ಆಕೆ ಕೈ ನಿಲ್ಲಿಸಿದಳು.

ಇದೇನು ಎಂದಳು. ಎತ್ತಿಗೆ ಬಾವು ಬಂದಿದೆಯೇ? ಡಾಕ್ಟರಿಗೆ ತೋರಿಸಿದಿರಾ?

ನಮ್ಮ ಎತ್ತಿಗೆಲ್ಲ ಹೀಗೆಯೇ ಇರುತ್ತದೆ ಎಂದೆ. ಈಡಾ ನಂಬಲಿಲ್ಲ. ಆಕಳ ಬೆನ್ನು ನೆಟ್ಟಗಿರುತ್ತದೆ, ಕೈಯಾಡಿಸಿ ನೋಡಿದ್ದೇನೆ ಎಂದು ಕಣ್ಣಿನ ಡಬ್ಬಿಗೆ ಒಂದು ಹರಳು ಹಾಕಿ, ನನ್ನನ್ನು ನೋಡಿದಳು. ಇದರ ಒಳಗೆ ಏನಿದೆ?

“ಎಲುಬು,” ಎಂದೆ. ಗಟ್ಟಿಯಾಗಿ, ತಡಮಾಡದೆ, ವೇದಿಕೆಯ ದನಿಯಲ್ಲಿ. “ನೊಗ ಜಾರದಂತೆ ತಡೆಯಲು.”

ಯಾವ ಡಬ್ಬಿಗೆ ಎಂದಳು.

ನಾನು ಸವಡಿಯ ಒಕ್ಕಲುತನದ ಮನೆಯ ಮಗಳು. ಎತ್ತುಗಳ ನಡುವೆ ಬೆಳೆದವಳು. ಕಣ್ಣಿನ ಡಬ್ಬಿಯ ಕಡೆ ಕೈ ಚಾಚಿದೆ. ಆದರೆ ನಾನು ಅದನ್ನು ಯಾವಾಗ ನೋಡಿದೆ? ಯಾರು ಹೇಳಿದರು? ಯಾರೂ ಹೇಳಿರಲಿಲ್ಲ. ಕಿವಿಯ ಡಬ್ಬಿಗೂ ಹಾಕುವಂತಿಲ್ಲ. ಹದಿನೆಂಟು ಮಕ್ಕಳು ಹರಳು ಹಿಡಿದ ನನ್ನ ಕೈಯನ್ನೇ ನೋಡುತ್ತಿದ್ದರು. ಅಕ್ಕೋರು ಎತ್ತಿನ ಬಾಲ ಅಂಟಿಸುವುದರಲ್ಲಿ ಮಗ್ನರಾಗಿದ್ದರು, ಅಥವಾ ಹಾಗೆ ನಟಿಸುತ್ತಿದ್ದರು.

ಹರಳು ಜೇಬಿಗೆ ಹಾಕಿ ಫೋನು ತೆಗೆದೆ. ಅಲ್ಲಿ ಬೆಳಗಿನ ಹತ್ತು, ಊರಲ್ಲಿ ಮಧ್ಯಾಹ್ನ. ವೀಡಿಯೊದಲ್ಲಿ ಮೊದಲು ರೊಟ್ಟಿ ಕಂಡಿತು, ಆಮೇಲೆ ಸವಡಿಯ ಕಾಕಾ, ಆಮೇಲೆ ಹೊಲ.

“ಕಾಕಾ, ಎತ್ತು ಎಲ್ಲದಾವು?”

“ಏನವಾ, ನನ್ನ ಆರಾಮ ಕೇಳೂದ ಬಿಟ್ಟು ಎತ್ತಿನ ಆರಾಮ ಕೇಳಾಕತ್ತಿ?”

“ಅಲ್ಲೇ ಅದಾವೇನು? ಹಂಗಾರ ಇಣಿ ಮುಟ್ಟಿ ನೋಡು. ಒಳಗ ಎಲುಬೈತೋ ಇಲ್ಲೋ?”

ಕಾಕಾ ರೊಟ್ಟಿ ಕೆಳಗಿಟ್ಟ. “ಯವ್ವಾ, ಅಲ್ಲಿ ಏನ ಕುಡಿಯಾಕ ಕೊಟ್ಟಾರ ನಿನಗ?”

“ಲಗೂ ನೋಡು ಕಾಕಾ. ಹುಡುಗೂರು ನಿಂತಾವು.”

ಕೈ ತೊಳೆದುಕೊಂಡು ಎದ್ದ. ಫೋನು ಓಲಾಡುತ್ತ ಬೇವಿನ ನೆರಳಿಗೆ ಹೋಯಿತು. ಹದಿನೆಂಟು ತಲೆ ನನ್ನ ಕೈಯ ಸುತ್ತ ಗುಂಪಾದವು. ಬಿಳಿ ಎತ್ತು ಪರದೆ ತುಂಬ ಬಂತು, ಕಾಕಾನ ಅಂಗೈ ಇಣಿಯ ಮೇಲೆ ಬಂತು. ಒತ್ತಿದ, ಆಚೆ ಈಚೆ ತಳ್ಳಿದ. ಅದು ಇಡ್ಲಿಯ ಹಾಗೆ ಅಲುಗಿತು. ಎತ್ತು ತಲೆ ಕೊಡವಿತು. ಮಕ್ಕಳು ಕಿರುಚಿಕೊಂಡು ನಕ್ಕರು.

“ಎಲುಬಿದ್ರ ಹಿಂಗ ಅಲಗ್ಯಾಡತೈತೇನು? ಸಣ್ಣಾಕಿದ್ದಾಗ ಇದನ್ನ ಹಿಡಕೊಂಡ ಮ್ಯಾಲ ಕುಂದರತಿದ್ದಿ. ಇಷ್ಟ ಸಾಲಿ ಕಲತು ಇದನ್ನ ಮರತ್ಯಾ?”

ಇದನ್ನು ನಾನು ಅನುವಾದಿಸಲಿಲ್ಲ. ಈಡಾ ಬಿಡಲಿಲ್ಲ, ಇದು ಯಾವಾಗಲೂ ಇಷ್ಟೇ ಇರುತ್ತದೆಯೇ, ದೊಡ್ಡದು ಚಿಕ್ಕದು ಆಗುತ್ತದೆಯೇ ಎಂದು ನನ್ನ ಬಾಯಿಂದ ಕಾಕಾನನ್ನು ಕೇಳಿಸಿದಳು. ನನ್ನ ತಲೆಗೆ ಹೊಳೆಯದ ಪ್ರಶ್ನೆ.

“ಆಕ್ಕೈತಿ. ಬ್ಯಾಸಗ್ಯಾಗ ಮೇವ ಕಡಿಮಿ ಆದ್ರ ಇಳೀತೈತಿ. ಮಳಿಗಾಲದಾಗ ಹಸರ ತಿಂದ ಮತ್ತ ಏರತೈತಿ. ಕೇಳಾಕತ್ತಾಕಿ ಯಾರು? ಶ್ಯಾಣೆ ಅದಾಳ.”

ಈಡಾ ಯೋಚಿಸಿದಳು. ಹಾಗಾದರೆ ಅದು ಊಟ ಕೂಡಿಡುವ ಜಾಗ, ಒಳಗೆ ಕೊಬ್ಬಿದೆ, ನನ್ನ ಅಜ್ಜನ ಹೊಟ್ಟೆಯಂತೆ ಎಂದಳು. ಶಭಾಷ್ ಎನ್ನಲು ನಾನು ಬಾಯಿ ತೆರೆಯುವಷ್ಟರಲ್ಲಿ ಆಕೆ ಹರಳನ್ನು ಮೋಡದ ಡಬ್ಬಿಗೆ ಹಾಕಿದಳು. ಯಾಕೆಂದರೆ ಒಳಗೆ ಯಾರೂ ನೋಡಿಲ್ಲವಲ್ಲ. ಆ ರಾತ್ರಿ ನಾನು ಓದಿ ತಿಳಿದುಕೊಂಡೆ: ಕೊಬ್ಬು ಹೌದು, ಜೊತೆಗೆ ಸ್ನಾಯುವೂ ಹೌದು. ಆಕೆ ಮೋಡಕ್ಕೆ ಹಾಕಿದ್ದು ನಾನು ಎಲುಬೆಂದು ಗಟ್ಟಿಸಿ ಹೇಳಿದ್ದಕ್ಕಿಂತ ನಿಜಕ್ಕೆ ಹತ್ತಿರವಿತ್ತು.

ಸಂಜೆ ನಮಗೆ ಉಳಿಯಲು ಕೊಟ್ಟಿದ್ದ ಮನೆಗೆ ನಡೆಯುತ್ತ ಅಕ್ಕೋರನ್ನು ಕೇಳಿದೆ.

“ನಿಮ್ಮಪ್ಪಾರು ನಾಲ ಬಡೀತಿದ್ರು. ದಿನಾ ಎತ್ತ ನೋಡೀರಿ. ಇಣಿ ಮೆತ್ತಗಿರತೈತಿ ಅಂತ ನಿಮಗ ಗೊತ್ತಿತ್ತಲ್ರಿ?”

“ಗೊತ್ತಿತ್ತು. ಎತ್ತ ಕೆಡವಿ ಕಾಲ ಕಟ್ಟೂವಾಗ ತಲಿ ಕಡೆ ಕುಂತು ಹಿಡಕೊಳ್ಳಾಕಿ ನಾನ.”

“ಮತ್ತ್ಯಾಕ ಹೇಳಲಿಲ್ಲ?”

“ನೀ ಕೇಳಲಿಲ್ಲ.”

ನಾಲ್ಕು ಹೆಜ್ಜೆ ನಡೆದ ಮೇಲೆ ಮತ್ತೆ ಹೇಳಿದರು. ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಉತ್ತರ ಕೊಡುವುದು ಸುಲಭವಿತ್ತು. “ಮೂರು ವರ್ಷ ಆತು ತಂಗಿ, ನೀ ನಮ್ಮ ಸಾಲಿಗೆ ಬಂದು. ನನ್ನ ತಾಸ ಕಿತ್ತಬೇಕಂತ ಹೆಡ್‌ಸರ್ ಮುಂದ ಹೇಳಿದಿ, ಮೀಟಿಂಗಿನ್ಯಾಗ ಹೇಳಿದಿ, ನನಗೂ ಹೇಳಿದಿ. ಒಂದ ದಿನಾರ ಬಂದ ಕುಂತೀಯೇನು?”

ಕೂತಿರಲಿಲ್ಲ. ಆ ತಾಸಿನಲ್ಲಿ ನಾನು ಸ್ಟಾಫ್ ರೂಮಿನಲ್ಲಿ ಹಾಜರಿ ಬರೆಯುತ್ತ, ಕಿಟಕಿಯಿಂದ ಬರುವ ಗದ್ದಲ ಕೇಳುತ್ತಿದ್ದೆ. ಗದ್ದಲ ಕೇಳಿ ತೀರ್ಪು ಬರೆದಿದ್ದೆ. ಗಂಟೆ ಎಂಟಾಗಿತ್ತು, ಬಿಸಿಲು ಇನ್ನೂ ಮಧ್ಯಾಹ್ನದ ಹಾಗೆ ನಿಂತಿತ್ತು. ಅಕ್ಕೋರು ಮಗ್ರಿಬ್ ನಮಾಜಿಗೆ ಸೂರ್ಯ ಮುಳುಗುವುದನ್ನು ಕಾಯುತ್ತ, ಈ ದೇಶದ ಸೂರ್ಯನಿಗೆ ಮನೆ ಮಠ ಇಲ್ಲವೆಂದು ಬಯ್ಯತೊಡಗಿದರು.

ಮತ್ತೆ ಶಾಲೆ

ಬಂದ ಮರುದಿನವೇ ಹೆಡ್‌ಮಾಸ್ತರರು ನಮ್ಮನ್ನು ಕರೆಸಿದರು. ಬಾನುಬಿ ಅಕ್ಕೋರು ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೂತರು. ಪ್ರವಾಸದುದ್ದಕ್ಕೂ ನನ್ನನ್ನು ಕಾಡಿಸಿ ನಕ್ಕವರು ಈಗ ಚೀಲದ ಹಿಡಿಕೆಯನ್ನು ಬೆರಳಿಗೆ ಸುತ್ತುತ್ತಿದ್ದರು. ಅದನ್ನು ನೋಡಿದ ಮೇಲೆ ನಾನು ಬರೆದುಕೊಂಡಿದ್ದ ಕಾಗದ ತೆಗೆಯಲಿಲ್ಲ. ಅದರಲ್ಲಿ ಎರಡೂ ಕಡೆಯ ವಾದ ಇತ್ತು. ಅಲ್ಲಿ ಹದಿನೆಂಟು ಮಕ್ಕಳಿಗೆ ಇಬ್ಬರು ಶಿಕ್ಷಕರು, ಇಲ್ಲಿ ಮೂರು ತರಗತಿಗೆ ಒಬ್ಬರೇ ಎಂಬುದೂ ಇತ್ತು. ಒತ್ತಕ್ಷರದ ಎಂಟು ಮಕ್ಕಳೂ ಇದ್ದರು. ಅವರ ಚಿಂತೆ ನನಗೆ ಈಗಲೂ ಇದೆ.

“ಹೇಳ್ರಿ ಮೇಡಂ. ಆ ತಾಸು ಇರಬೇಕೋ ಬ್ಯಾಡೋ?”

“ಗೊತ್ತಿಲ್ರಿ ಸರ್. ನಾ ನೋಡಿಲ್ಲ.”

“ಏನ ನೋಡಿಲ್ಲ? ವಾರ ಪೂರ್ತಿ ಅದನ್ನ ನೋಡಿ ಬಂದ್ರಲ್ಲ!”

“ಅವರದ ನೋಡೀನ್ರಿ. ನಮ್ಮ ಅಕ್ಕೋರದು ನೋಡಿಲ್ಲ. ಒಂದ ದಿನಾನೂ.”

ಹೆಡ್‌ಮಾಸ್ತರರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಅಂದ್ರ ಡೆನ್ಮಾರ್ಕ ಮಟಾ ಹೋದೋರು, ಸಾಲಿ ಹಿಂದ ಹೋಗಿಲ್ಲ.”

“ಹೌದ್ರಿ.”

“ಹಂಗಾರ ಮೊದಲ ನೋಡ್ರಿ. ನೀವು ನೋಡಿ ಮುಗಿಸೂತನಕಾ ಆ ತಾಸು ಹಂಗ ಇರ್ಲಿ.”

ನೋಡಿ ಮುಗಿಸಲು ಎಷ್ಟು ದಿನ ಬೇಕೆಂದು ಅವರು ಕೇಳಲಿಲ್ಲ. ನಾನೂ ಹೇಳಲಿಲ್ಲ. ಒತ್ತಕ್ಷರದ ಮಕ್ಕಳನ್ನು ಬೆಳಗ್ಗೆ ಪ್ರಾರ್ಥನೆಗಿಂತ ಅರ್ಧ ತಾಸು ಮೊದಲು ಬರಹೇಳಿದ್ದೇನೆ. ಎಂಟರಲ್ಲಿ ಐದು ಬರುತ್ತವೆ, ಮೂರನ್ನು ಮನೆಗೆ ಹೋಗಿ ಎಳೆದು ತರಬೇಕು.

ಹೆಡ್‌ಮಾಸ್ತರರು ಕರೆಸಿದ ದಿನವೇ ಕೊನೆಯ ತಾಸಿಗೆ ಶಾಲೆಯ ಹಿಂದೆ ಹೋದೆ. ಮಕ್ಕಳು ಬಯಲಲ್ಲಿ ಒಂದು ಕೋಲು ನೆಟ್ಟು, ಅದರ ನೆರಳಿನ ತುದಿಗೆ ಆಗಾಗ ಒಂದು ಹುಣಸೆ ಬೀಜ ಇಡುತ್ತಿದ್ದರು. ನಾಲ್ಕು ಬೀಜ ಆಗಿದ್ದವು. ಹತ್ತಿರದಿಂದ ನೋಡೋಣವೆಂದು ನಾನು ಕೋಲಿನ ಪಕ್ಕ ಹೋಗಿ ನಿಂತೆ, ಪರೀಕ್ಷೆಗೆ ಬಂದ ಸಾಹೇಬರ ಹಾಗೆ, ಕೈ ಹಿಂದೆ ಕಟ್ಟಿಕೊಂಡು. ಬಾನುಬಿ ಅಕ್ಕೋರು ಮಕ್ಕಳ ನಡುವೆ ಕೂತು ಬೀಜ ಎಣಿಸುತ್ತಿದ್ದರು. ಒಂದನೆಯ ತರಗತಿಯ ಹುಡುಗಿಯೊಬ್ಬಳು ತಲೆ ಎತ್ತದೆಯೇ ನನ್ನ ಸೀರೆಯ ನೆರಿಗೆ ಜಗ್ಗಿದಳು.

“ಅಕ್ಕೋರ, ನಿಮ್ಮ ನೆರಳ ಬಿದ್ದು ಏನೂ ಕಾಣವಲ್ದು. ಕುಂದರ್ರಿ.”

ಕೂತೆ.